ಐತವಾರದ ಡಬ್ಬಿ

ಮಿರ್ಚಿ ಭಜಿ ಎಣ್ಣೆಗೆ ಬಿದ್ದ ಸದ್ದು, ಆಮೇಲೆ ವಾಸನೆ, ಅಲ್ಲ, ವಾಸನೆಯೇ ಮೊದಲು ಬಂತು, ಹತ್ತು ವಾರದಿಂದ ಅವನ ಮೂಗು ಕಿವಿಗಿಂತ ಚುರುಕಾಗಿದೆ, ಬೀದರ್ ಬಸ್ ಸ್ಟ್ಯಾಂಡಿನ ಈ ತುದಿಯ ಕಲ್ಲುಬೆಂಚಿನ ಮೇಲೆ ಕೂತು ಆ ತುದಿಯ ಅಜರನ ಬಂಡಿಯಲ್ಲಿ ಏನು ನಡೆದಿದೆ ಎಂದು ಸುಶೀಲಕುಮಾರ ಕಣ್ಣು ಮುಚ್ಚಿಯೇ ಹೇಳಬಲ್ಲ, ಈಗ ಭಜಿ, ಇನ್ನರ್ಧ ತಾಸಿಗೆ ಮಂಡಕ್ಕಿ ಸುಸಲಾಕ್ಕೆ ಒಗ್ಗರಣೆ, ಪಕ್ಕದಲ್ಲಿ ಯಾವನೋ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದುತ್ತಿದ್ದಾನೆ, ಅದ್ದಲಿ ಪುಣ್ಯವಂತ, ಯಾರ ಮೇಲೂ ಸಿಟ್ಟಿಲ್ಲ ಇವತ್ತು — ಎಂಟಕ್ಕೆ ಭಾಲ್ಕಿ ಬಸ್ಸು, ಬಸ್ಸಿನಲ್ಲಿ ಕಂಡಕ್ಟರ್ ಹಣಮಂತ, ಹಣಮಂತನ ಸೀಟಿನ ಕೆಳಗೆ ಅಕ್ಕನ ಡಬ್ಬಿ. ಇವತ್ತು ಐತವಾರ, ಅವನ ಚೀಟ್ ಡೇ, ಆರು ದಿನ ಕೀಟೋ ಪಥ್ಯ ಮಾಡಿದ್ದಕ್ಕೆ ಒಂದು ಹೊತ್ತು ಬೇಕಾದ್ದು ಉಣ್ಣುವ ಬಹುಮಾನ, ಮನ್ನಳ್ಳಿ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಮಾಸ್ತರನಿಗೆ ಈ ಪ್ರಾಯದಲ್ಲಿ ಬಹುಮಾನ, ಹುಡುಗರು ಕೇಳಿದರೆ ಬೆಂಚು ಬಡಿದು ನಕ್ಕಾರು. ನಗುವ ಸಂಗತಿಯಲ್ಲ, ಗುರುವಾರ ಹೈದರಾಬಾದಿನಲ್ಲಿ ಸ್ಕ್ಯಾನ್ ಇದೆ, ಅಕ್ಕ ಶಾಲುಬಾಯಿಯ ಲಿವರ್ ಪೂರಾ ಕೆಟ್ಟಿದೆ, ಅವನದರಲ್ಲಿ ಅರ್ಧ ಕೊಡಬೇಕು, ಕೊಡಲು ಅವನು ತಯಾರಿದ್ದಾನೆ, ಅವನ ಲಿವರ್ ತಯಾರಿಲ್ಲ. ಡಾಕ್ಟರು ಕಾಗದದ ಮೇಲೆ ಒಂದು ಲಿವರ್ ಬರೆದು ನಡುವೆ ಪೆನ್ನಿನಿಂದ ಗೆರೆ ಎಳೆದಿದ್ದರು, ಈ ಕಡೆಯದು ಅಕ್ಕನಿಗೆ, ಈ ಕಡೆಯದು ನಿಮಗೆ, ಎರಡೂ ಮತ್ತೆ ಬೆಳೆಯುತ್ತವೆ, ಆದರೆ ನಿಮ್ಮದರಲ್ಲಿ ಕೊಬ್ಬು ತುಂಬಿದೆ ಸರ್, ತೊಂಬತ್ತೊಂದು ಕಿಲೋ ಇದ್ದೀರಿ, ಎಂಬತ್ತಕ್ಕೆ ಇಳಿಯಿರಿ, ಆಮೇಲೆ ನೋಡೋಣ. ಆ ಗೆರೆ ಅಷ್ಟೇನೂ ನೆಟ್ಟಗಿರಲಿಲ್ಲ, ಕೈಯಿಂದ ಮುರಿದ ಹಾಗಿತ್ತು, ಅದನ್ನು ನೋಡಿದಾಗ ಅವನಿಗೆ ಬೇರೇನೋ ನೆನಪಾಗಿತ್ತು, ಏನೆಂದು ಆಗ ಹೊಳೆಯಲಿಲ್ಲ.

ಎಂಬತ್ತು. ಈಗ ಎಂಬತ್ತನಾಲ್ಕು, ಮೂರು ವಾರದಿಂದ ಅಲ್ಲೇ ಬೇರು ಬಿಟ್ಟಿದೆ, ಮೊದಲ ಏಳು ವಾರ ಸರಸರ ಇಳಿಯಿತು, ಜೋಳ ಬಿಟ್ಟ, ಅಕ್ಕಿ ಬಿಟ್ಟ, ಬೆಲ್ಲ ಬಿಟ್ಟ, ಬೇಳೆ ಸಹ ಬಿಟ್ಟ, ತತ್ತಿ, ಪನೀರ್, ತುಪ್ಪದಲ್ಲಿ ಬಾಡಿಸಿದ ಮೆಂತ್ಯೆ, ಖೀಮಾ, ಮತ್ತೆ ತತ್ತಿ, ಹೆಂಡತಿ ಕರುಣಾ ನಸುಕಿನಲ್ಲೆದ್ದು ತತ್ತಿ ಕುದಿಸಿಡುತ್ತಾಳೆ, ಒಂದು ದಿನವೂ ಬೇಸರ ಅನ್ನಲಿಲ್ಲ, ತಾನು ರೊಟ್ಟಿ ಉಣ್ಣುವಾಗ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಾಳೆ, ಕಳ್ಳಿಯ ಹಾಗೆ, ಅವನು ನೋಡಿದ್ದಾನೆ, ನೋಡದವನ ಹಾಗೆ ಹೊರಗೆ ಹೋಗಿ ಪೇಪರ್ ಹಿಡಿದಿದ್ದಾನೆ, ಇಂಥವಳನ್ನು ಕೊಟ್ಟ ಅತ್ತೆ ಮಾವನಿಗೆ ಕೈ ಮುಗಿಯಬೇಕು. ಈದ್ ದಿನ ಸಾಲಿಯ ಹಮೀದುನ್ನಿಸಾ ಟೀಚರ್ ಎಲ್ಲರಿಗೂ ಶೀರ್ ಖುರ್ಮಾ ಹಂಚಿ ಅವನಿಗೊಬ್ಬನಿಗೇ ಬೇರೆ ಡಬ್ಬಿಯಲ್ಲಿ ಮಟನ್ ತಂದರು, ಜಯಂತಿಯ ದಿನ ಓಣಿಯ ಹುಡುಗರು ಬೂಂದಿಯ ಪೊಟ್ಟಣ ಅವನ ಕೈಗೆ ಕೊಡಲೇ ಇಲ್ಲ, ಸರ್‌ಗೆ ಬ್ಯಾಡೋ, ಸರ್ ಅಕ್ಕಗ ಲಿವರ್ ಕೊಡ್ಲಾಕತ್ತಾರ ಅಂತ ಒಬ್ಬರಿಗೊಬ್ಬರು ಗುಸುಗುಸು, ಇಡೀ ಓಣಿ ಅವನ ಹೊಟ್ಟೆ ಕಾಯುತ್ತಿದೆ, ಕಾಯದವನು ಅವನೊಬ್ಬನೇ. ಚೀಟ್ ಡೇ ಇಡಬಹುದೇ ಎಂದು ಡಯಟಿಷಿಯನ್ ಮೇಡಂ ಅವರನ್ನು ಕೇಳಿದ್ದ, ಅವರು ಕನ್ನಡಕ ತೆಗೆದು ಒರೆಸಿ, ಕೆಲವರು ಇಡುತ್ತಾರೆ, ಅದರಿಂದ ತಡೆದುಕೊಳ್ಳುವ ಶಕ್ತಿ ಬರುತ್ತದೆ ಅನ್ನುತ್ತಾರೆ, ನನಗೆ ಮನಸ್ಸಿಲ್ಲ, ನಿಮ್ಮ ಹತ್ತಿರ ವಾರಗಳು ಕಡಿಮೆ ಇವೆ ಎಂದಷ್ಟೇ ಹೇಳಿದರು, ಮನೆಗೆ ಬಂದು ಕೆಲವರು ಇಡುತ್ತಾರಂತೆ ಎಂಬಲ್ಲಿಗೆ ಮಾತು ನಿಲ್ಲಿಸಿದ, ಮುಂದಿನದು ನುಂಗಿದ. ಅವನ ಮುಖ ನೋಡಿ ಕರುಣಾ ಕರಗಿದಳು — ಒಂದಽ ಹೊತ್ತು ನೋಡ್ರಿ, ವಾರಕ್ಕ ಒಂದು ಕಿಲೋ ಇಳಿದ್ರ ಐತವಾರ ಒಂದ್ ಹೊತ್ತು, ಇಳೀಲಿಲ್ಲಂದ್ರ ಇಲ್ಲ. ಇಳಿಯದ ವಾರ ಅವನು ತೂಕದ ಯಂತ್ರವನ್ನು ನೆಲದ ಒಂದು ಫರಸಿಕಲ್ಲಿನಿಂದ ಇನ್ನೊಂದಕ್ಕೆ ಸರಿಸಿ ನಿಂತ, ಬಾಗಿಲ ಹತ್ತಿರದ ಫರಸಿ ಕಾಲು ಕಿಲೋ ಕಡಿಮೆ ತೋರಿಸುತ್ತದೆ, ಅದರ ಮೇಲೆ ಒಂದೇ ಕಾಲಲ್ಲಿ ನಿಂತರೆ ಇನ್ನೂ ಕಡಿಮೆ, ವಿಜ್ಞಾನದ ಮಾಸ್ತರ ನೋಡಿ, ಕರುಣಾ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು.

ಇನ್ನೂ ಬಸ್ಸಿಲ್ಲ, ಔರಾದ್ ಬಸ್ಸು ಬಂತು, ಅದರ ಮುಂದಿನ ಗಾಜು, ಧೂಳು — ಆ ಧೂಳು ಕಂಡರೆ ಈಗಲೂ ಅವನ ಕಾಲು ತಾನಾಗಿ ಏಳುತ್ತದೆ, ಎರಡು ವರ್ಷ ಪಿ.ಯು.ಸಿ. ಓದುವಾಗ ದಿನಾ ಈ ಹೊತ್ತಿಗೆ ಇಲ್ಲೇ ನಿಂತು ಆ ಬಸ್ಸಿಗೆ ಕಾದಿದ್ದಾನೆ, ತನ್ನೂರು ಚಿಂತಾಕಿಯಿಂದ ಔರಾದ್, ಔರಾದಿನಿಂದ ಬೀದರ್, ಅಕ್ಕನ ಡಬ್ಬಿ ಅವನಿಗಿಂತ ಹೆಚ್ಚು ಬಸ್ ಪ್ರಯಾಣ ಮಾಡಿದೆ. ಅವ್ವ ತೀರಿಹೋದ ವರ್ಷ ಅಕ್ಕ ಏಳನೆಯ ಇಯತ್ತೆಗೆ ಸಾಲಿ ಬಿಟ್ಟಳು, ತಾನು ಬಿಟ್ಟು ಅವನನ್ನು ಕಳಿಸಿದಳು, ಅಗಲದ ಸ್ಟೀಲ್ ಡಬ್ಬಿ ತಂದು ಅಂಗಡಿಯವನಿಂದ ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿದಳು, ಸುಶೀಲಕುಮಾರ ಪಿ.ಯು.ಸಿ., ಪಿ.ಯು.ಸಿ. ಅನ್ನುವುದೂ ಅವನ ಹೆಸರೇ ಎಂಬ ಹಾಗೆ, ಆ ಡಬ್ಬಿಯ ಅಳತೆಗೇ ರೊಟ್ಟಿ ಬಡಿಯುತ್ತಿದ್ದಳು, ಡಬ್ಬಿಯೊಳಗೆ ಕೂತರೆ ಅಂಚು ಮುರಿಯಬಾರದು. ದಿನಾ ಮೂರೂವರೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೂರು ಇಡೀ ರೊಟ್ಟಿ, ಮೇಲೆ ಒಂದು ಅರ್ಧ, ಅದ್ಯಾಕೆ ಅರ್ಧ ಎಂದು ಅವನು ಕೇಳಲಿಲ್ಲ, ಹದಿನಾರರ ಹುಡುಗನಿಗೆ ಡಬ್ಬಿ ಬರುವುದು ಬಿಸಿಲು ಬಂದ ಹಾಗೆ, ಯಾರು ಕಳಿಸಿದರೆಂದು ಯಾರು ಕೇಳುತ್ತಾರೆ. ಒಮ್ಮೆ ರಜೆಯಲ್ಲಿ ಊರಿಗೆ ಹೋದವನು ಮುಂಜಾನೆ ಹಾಸಿಗೆಯಲ್ಲಿ ಬಿದ್ದುಕೊಂಡೇ ನೋಡಿದ, ಅಪ್ಪನ ಪಾಲು ತೆಗೆದಿಟ್ಟ ಮೇಲೆ ಹಿಟ್ಟು ನಾಲ್ಕು ರೊಟ್ಟಿಗಷ್ಟೇ, ಅಕ್ಕ ನಾಲ್ಕನೆಯದನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಮುರಿದಳು, ಒಂದು ಅರ್ಧ ತಾಟಿನಲ್ಲಿ ಅವನಿಗೆಂದು ಇಟ್ಟಳು, ಇನ್ನೊಂದು ಅರ್ಧಕ್ಕೆ ಉಪ್ಪುಖಾರ ಸವರಿ ಒಲೆಯ ಹತ್ತಿರ ನಿಂತೇ ಉಂಡಳು, ನಿಂತೇ, ಕೂತು ಉಣ್ಣುವಷ್ಟು ಅದರಲ್ಲಿ ಇರಲಿಲ್ಲ. ಬಿಸಿ ರೊಟ್ಟಿಯ ಆ ಮುರಿದ ಅಂಚು, ಅಂಚಿನಲ್ಲಿ ಅವಳ ಬೆರಳಿನ ಗುರುತು — ಹಾಂ, ಅದೇ, ಡಾಕ್ಟರರ ಪೆನ್ನಿನ ಗೆರೆ ನೋಡಿದಾಗ ನೆನಪಾಗಲು ಒದ್ದಾಡಿದ್ದು ಅದೇ. ಅವನು ಮುಸುಕು ಎಳೆದುಕೊಂಡು ಮಲಗಿದ, ಅವತ್ತು ತಡವಾಗಿ ಎದ್ದು ತಾಟಿನಲ್ಲಿದ್ದ ಅರ್ಧವನ್ನೂ ಉಂಡ.

ಹೋದ ಐತವಾರ ಇದೇ ಬೆಂಚು. ಡಬ್ಬಿ ಭಾರವಾಗಿತ್ತು, ಬಿಚ್ಚಿದರೆ ಐದು ಹೋಳಿಗೆ, ಏಲಕ್ಕಿ, ತುಪ್ಪ, ಮನೆಗೆ ಹೋಗಿ ಕರುಣಾಳ ಎದುರು ಉಣ್ಣಬೇಕೆಂದು ಗಂಟು ಕಟ್ಟಿದ, ಮತ್ತೆ ಬಿಚ್ಚಿದ, ಎರಡು ಇಲ್ಲೇ, ಈ ಬೆಂಚಿನ ಮೇಲೆ, ಬಸ್ಸುಗಳ ಕಡೆಗೆ ಬೆನ್ನು ಮಾಡಿ, ಮೂರು ಮನೆಯಲ್ಲಿ, ಅಕ್ಕ ಮೂರೇ ಕಳಿಸ್ಯಾಳ ಅಂತ ಹೇಳಿ, ಸಂಜೆ ವಾಕಿಂಗ್ ಹೋದ ನೆಪದಲ್ಲಿ ಒಂದು ತಾಟು ತಹರಿ ಅನ್ನ, ಸೋಮವಾರ ಬೆಳಿಗ್ಗೆ ಎಂಬತ್ತೈದು. ಆರು ದಿನ ಇಳಿಸಿದ್ದನ್ನು ಏಳನೆಯ ದಿನ ಹತ್ತಿಸುವುದು, ಅದಕ್ಕೆ ಬಹುಮಾನ ಎಂಬ ಹೆಸರು, ಯಾರಿಗೆ ಬಹುಮಾನ, ಅಕ್ಕನ ಕಾಲು ಬಾತಿವೆ, ಕಣ್ಣು ಹಳದಿಯಾಗಿವೆ, ಅವಳಿಗೆ ಉಪ್ಪಿಲ್ಲದ ಗಂಜಿಯಿಂದ ಒಂದು ದಿನದ ರಜೆಯಿಲ್ಲ. ನಿಲ್ಲಿಸಬೇಕು, ನಿಲ್ಲಿಸುವುದು ಸುಲಭ ಎಂದುಕೊಂಡು ನಿನ್ನೆ ಸಂಜೆ ಭಾಲ್ಕಿಗೆ ಫೋನು ಮಾಡಿದ, ಎತ್ತಿದವನು ಭಾವ ಕಾಶೀರಾಮ, ಅವನ ಮಾತು ಕೇಳಿದ ಮೇಲೆ ಸುಲಭವೆಲ್ಲ ಹೋಯಿತು — ಏನ್ ಹೇಳ್ಲಿ ಸುಶೀಲಾ, ವಾರಪೂರ್ತಿ ಹಾಸಿಗಿ ಬಿಟ್ಟು ಏಳಂಗಿಲ್ಲ, ಎರಡ್ ಚಮಚೆ ಗಂಜಿ ಉಂಡು ತಾಟು ಸರಿಸ್ತಾಳ, ರೊಟ್ಟಿ ಮುಟ್ಟಿ ಎರಡ್ ತಿಂಗಳಾತು, ಐತವಾರ ಮಾತ್ರ ನೋಡು, ನಾ ಏಳೂದ್ರಾಗ ಎದ್ದು ಒಲಿ ಮುಂದ ಕೂತಿರ್ತಾಳ, ತಮ್ಮಗ ಡಬ್ಬಿ ಕಳಿಸ್ಬೇಕಂತ. ಆಮೇಲೆ ಅಕ್ಕ ಫೋನು ಇಸಗೊಂಡು — ತಮ್ಮಾ, ನಾಳಿ ಏನ್ ಮಾಡ್ಲೋ, ಹೋಳಿಗಿ ಮಾಡ್ಲೇನು, ಕರಿಗಡಬು ಮಾಡ್ಲೇನು, ದನಿಯಲ್ಲಿ ಚಿಂತಾಕಿಯ ಆ ಹುಡುಗಿ. ಏನೂ ಬ್ಯಾಡ ಅಕ್ಕಾ ಅನ್ನಬೇಕಿತ್ತು, ಈ ಡಬ್ಬಿಯಿಂದಾನೇ ನಿನ್ನ ಆಪರೇಶನ್ ಮುಂದಕ್ಕೆ ಹೋಗುತ್ತದೆ ಅನ್ನಬೇಕಿತ್ತು, ಅಂದರೆ ಅವಳ ಒಂದೇ ಒಂದು ಐತವಾರ ಕಸಿದ ಹಾಗೆ, ಅನ್ನದಿದ್ದರೆ ಅವಳನ್ನೇ — ನಿನ್ನ ಇಷ್ಟ, ಎಂದ. ಆಯ್ತಪಾ, ಎಂದು ಅಕ್ಕ ಫೋನು ಇಟ್ಟಳು.

ಬಂತು, ಕಿಟಕಿಯಿಂದ ಹಣಮಂತನ ಕೈ, ಕೈಯಲ್ಲಿ ಹಳೇ ಸೀರೆಯ ತುಂಡಿನ ಗಂಟು, ತಗೋರಿ ಮಾಸ್ತರ್ರ, ಇವತ್ತ ಹಗೂರ ಅದರಿ, ಹಗೂರ ಅದ ಅಂತ ಸಿಟ್ಟಾಗಬ್ಯಾಡ ಅನ್ರಿ ಅಂತ ಅಕ್ಕಾರು ಹೇಳ್ಯಾರ್ರಿ. ಅಕ್ಕನೇ ಬಂದಿದ್ಲೇನು, ಸುಶೀಲಕುಮಾರ ಕೇಳುತ್ತಾನೆ. ಹೌದ್ರಿ, ಮಾಮಾರ ಕೈ ಹಿಡ್ಕೊಂಡು ಸ್ಟ್ಯಾಂಡಿಗಿ ಅವರೇ ಬಂದಿದ್ರು, ಮುಖಾ ಛಲೋ ಇತ್ರಿ ಇವತ್ತ. ಹಣಮಂತನಿಗೆ ಒಂದು ಚಹಾ ಕುಡಿಸಬೇಕು, ಇಷ್ಟು ವಾರ ಒಂದು ಕಾಸು ಮುಟ್ಟದೆ ಹೊತ್ತು ತಂದಿದ್ದಾನೆ, ಆಗಿನ ಔರಾದ್ ಬಸ್ಸಿನ ಕಂಡಕ್ಟರನ ಹೆಸರೂ ತನಗೆ ಗೊತ್ತಿಲ್ಲ, ಎಷ್ಟು ಜನ ತನ್ನ ಅನ್ನ ಹೊತ್ತಿದ್ದಾರೆ — ನಿಜವಾಗಿಯೂ ಹಗುರ, ಹೆಸರಿನ ಚುಕ್ಕಿಗಳು ಸವೆದು ಸುಶೀಲ ಅಷ್ಟೇ ಉಳಿದಿದೆ, ಮುಚ್ಚಳ ತೆಗೆಯಲು ಅವನಿಗೆ ಹೆದರಿಕೆ, ಹೋಳಿಗೆ ಇದ್ದರೆ ಉಣ್ಣುತ್ತಾನೆ, ತನ್ನನ್ನು ತಾನು ಬಲ್ಲ. ತೆಗೆದ. ನಾಲ್ಕು ತತ್ತಿ, ಸುಲಿದು ತುಪ್ಪ ಸವರಿದ್ದು, ಮೆಂತ್ಯೆ ಪಲ್ಯ, ಪಲ್ಯದ ಮೇಲೆ ಅಡ್ಡಲಾಗಿ ಅರ್ಧ ರೊಟ್ಟಿ. ಫೋನು ಅವನೇ ಮಾಡಿದನೋ ಅದೇ ಬಡಿಯಿತೋ, ಅಕ್ಕಾ, ಏನಿದು. ಯಾಕ, ಸಾಲಲಿಲ್ಲೇನು, ಅಕ್ಕ ನಗುತ್ತಾಳೆ, ದಣಿದ ನಗು. ಕರುಣಾ ಹೇಳಿದಳೇನು. ಆಕಿ ಯಾಕ ಹೇಳ್ತಾಳ, ಆಕಿ ನಿನ್ನ ಬಿಟ್ಟುಕೊಡೂ ಹೆಣ್ಮಗಳೇನು, ನೀನೇ ಹೇಳಿದಿ, ನಿನ್ನ ಇಷ್ಟ ಅಂದಿ, ಸಣ್ಣಾಂವಿದ್ದಾಗಿಂದೂ ತಪ್ಪು ಮಾಡಿದಾಗೆಲ್ಲ ಹಂಗೇ ಅಂತಿ, ತೂಕ ಇಳೀಲಾಕತ್ತಿಲ್ಲಂತ ಗೊತ್ತಾತು, ನನಗರೆ ಬುದ್ಧಿ ಬ್ಯಾಡೇನು, ಐದೈದು ಹೋಳಿಗಿ ಕಳಿಸ್ತಿದ್ದೆ, ಹೋಳಿಗಿ ಎಲ್ಲಿ ಓಡಿಹೋಗ್ತಾವ, ಆಪರೇಶನ್ ಆಗ್ಲಿ, ಇಬ್ರೂ ಕೂಡಿ ಉಣ್ಣೋಣು. ಮತ್ತ ಈ ಅರ್ಧ ಯಾಕ ಕಳಿಸಿದಿ, ಎನ್ನುತ್ತಾನೆ. ಐತವಾರ ಒಲಿ ಹಚ್ಚದಽ ನನಗ ಹ್ಯಾಂಗ ಹೊತ್ತು ಹೋಗ್ಬೇಕೋ, ಒಂದಽ ಬಡದೆ, ಬೇಕಂದ್ರ ಉಣ್ಣು, ಬ್ಯಾಡಂದ್ರ ಕರುಣಾಗ ಕೊಡು. ಉಳಿದ ಅರ್ಧ, ಎಂದ, ಉತ್ತರ ಗೊತ್ತಿದ್ದೂ ಕೇಳಿದ. ನಾ ಉಂಡೆ ತಮ್ಮಾ, ಪೂರಾ ಉಂಡೆ, ಬಸ್ ಹೋದ ಮ್ಯಾಲ ಮನಿಗಿ ಬಂದು ಉಂಡೆ. ನಿಂತು ಉಂಡ್ಯಾ. ಏ ಹುಚ್ಚಾ, ಅದ್ಯಾಕ ನಿಂತು ಉಣ್ಣಲಿ, ಕೂತು ಉಂಡೆ, ನಿಮ್ಮ ಭಾವ ನೀರು ಕೊಟ್ರು.

ಕೂತು ಉಂಡಳು, ಎರಡು ತಿಂಗಳ ಮೇಲೆ ಉಂಡಳು, ಇದಕ್ಕಿಂತ ದೊಡ್ಡದನ್ನು ಅವನು ಯಾರ ಹತ್ತಿರ ಕೇಳಿಯಾನು, ಸಾಕು, ಇನ್ನು ಐತವಾರಗಳು ಬರಿಯ ಐತವಾರಗಳು, ಹೋದ ವಾರದ್ದು ಐದು ಹೋಳಿಗೆ, ಎರಡು ಇಲ್ಲೇ ತಿಂದೆ ಎಂದು ಕರುಣಾಳಿಗೆ ಹೇಳಬೇಕು, ಅವಳಿಗೆ ಗೊತ್ತಿರುತ್ತದೆ, ಆದರೂ ಹೇಳಬೇಕು, ಗೋಡೆ ಬಿಟ್ಟು ಈ ಕಡೆ ತಿರುಗಿ ಉಣ್ಣು ಅನ್ನಬೇಕು, ಗುರುವಾರ ಡಾಕ್ಟರು ಏನೇ ಹೇಳಲಿ ಮತ್ತೆ ಇಳಿಸುತ್ತಾನೆ, ಎಂಬತ್ತು, ಎಂಬತ್ತಾದರೆ ಈ ಕಡೆಯದು ಅಕ್ಕನಿಗೆ, ಈ ಕಡೆಯದು — ಅಜರನ ಬಂಡಿಯಿಂದ ಒಗ್ಗರಣೆಯ ವಾಸನೆ ಬಂದಿರಬೇಕು, ಮೂಗು ಹಿಡಿಯಲಿಲ್ಲ, ಬಸ್ಸುಗಳ ಸದ್ದು, ಯಾರೋ ಸರ್ ಎಂದರು, ಮೊಣಕಾಲ ಮೇಲೆ ಡಬ್ಬಿ, ಡಬ್ಬಿಯಲ್ಲಿ ಅರ್ಧ ರೊಟ್ಟಿ, ನೆಟ್ಟಗೆ ಮುರಿಯದ ಅಂಚು, ಅಂಚಿನ ಮೇಲೆ ಹೆಬ್ಬೆರಳಿನ ಗುರುತು, ಅವನು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ, ಇನ್ನೂ ಬೆಚ್ಚಗಿದೆ, ಅರ್ಧ ರೊಟ್ಟಿ, ಅರ್ಧ.