ಮುಟ್ಟಿ ನೋಡಬೇಕಾದ ಕೋಳಿ

ಕೋಳಿಯ ಬೇನೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ ಎಂದು ಬಾಳವ್ವ ಹೇಳಿಯೇ ಹೋಗಿದ್ದಳು. ಮಂಗಳವೇಢೆಯಾಚೆಯ ನಂದೇಶ್ವರದಲ್ಲಿ ಮಗಳ ಹೆರಿಗೆ, ಎಸ್‌ಟಿ ಬಸ್ಸು ಹಿಡಿಯುವ ಅವಸರ. ಆದರೂ ಕಂದು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಅದರ ಕೊರಳ ಬುಡಕ್ಕೆ ಬೆರಳೊತ್ತಿ ತೋರಿಸಿದಳು.

"ಮುಂಜಾನಿ ಕಾಳು ಹಾಕೂಕಿಂತ ಮೊದಲ ಇಲ್ಲಿ ಮುಟ್ಟಿ ನೋಡ್ರಿ ಅಕ್ಕಾರ. ಕಾಳಿನ ಚೀಲ ಖಾಲಿ ಇರಬೇಕು. ಗಟ್ಟಿ ಹತ್ತಿದ್ರ ಏನೋ ಸಿಕ್ಕೊಂಡೈತಿ ಅಂತ ತಿಳೀರಿ. ಎರಡ ಹನಿ ಎಣ್ಣಿ ಕುಡಿಸಿ ಮೆತ್ತಗ ತಿಕ್ಕಿದ್ರ ಆತು. ನೂಲು ತಿಂತಾವ ಇವು, ಹೇಳಿದ್ರ ಕೇಳಂಗಿಲ್ಲ."

ಚಾದರ ನೇಯುವವರಿಗೆ ನೂಲು ಸುತ್ತಿಕೊಟ್ಟು ಬದುಕುವ ಒಂಟಿ ಹೆಂಗಸು ಬಾಳವ್ವ. ಅವಳ ಹಿತ್ತಲ ತುಂಬ ನೂಲಿನ ತುಣುಕು. ಕಸ್ತೂರಬಾಯಿ "ಆಗಲಿ" ಎಂದಳು. ಕೈಗಳು ಮಾತ್ರ ಸೆರಗಿನೊಳಗೇ ಇದ್ದವು.

ಕಸ್ತೂರಬಾಯಿ ಪಕ್ಕದ ಮನೆಯವಳು, ಕಾಳುಕಡಿ ಅಂಗಡಿಯ ಸಾತಲಿಂಗಪ್ಪನ ಹೆಂಡತಿ. ಅಕ್ಕಲಕೋಟೆಯ ಅವಳ ತವರಿನಲ್ಲಿ ಲಿಂಗಪೂಜೆಯಾಗದೆ ಯಾರೂ ನೀರು ಕುಡಿಯುವವರಲ್ಲ. ಅಂಥವಳು ಕೋಳಿಗೆ ಕಾವಲು ನಿಂತದ್ದು ಮೊಮ್ಮಗಳು ಮಂದಾಕಿನಿಯ ದೆಸೆಯಿಂದ. ಎಪ್ಪತ್ತಾರರ ಮಳೆಗಾಲದಲ್ಲಿ ಟೈಫಾಯ್ಡ್ ಆಗಿ ಕಡ್ಡಿಯಾಗಿದ್ದ ಹುಡುಗಿಗೆ ದಿನಕ್ಕೊಂದು ಮೊಟ್ಟೆ ಕೊಡಿ ಎಂದುಬಿಟ್ಟರು ಡಾಕ್ಟರು. ಮೊಟ್ಟೆ ಬಾಳವ್ವನ ಒಲೆಯ ಮೇಲೆ ಬೆಂದು, ಬಾಳವ್ವನ ಕೈಯಿಂದಲೇ ಮಗುವಿನ ಬಾಯಿ ಸೇರುತ್ತಿತ್ತು. ಅಜ್ಜಿ ಆ ಹೊತ್ತಿಗೆ ಬಟ್ಟೆ ಒಣಹಾಕುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದಳು. ದಸರೆಯ ಹೊತ್ತಿಗೆ ಹುಡುಗಿ ಮೈಕೈ ತುಂಬಿಕೊಂಡಳು. ಬೆನ್ನು ತಿರುಗಿಸುವುದು ನಿಲ್ಲಲಿಲ್ಲ.

ಎರಡು ದಿನ ಐದೂ ಕೋಳಿಗಳು ಚೆನ್ನಾಗಿದ್ದವು. ಮೂರನೆಯ ದಿನ ಕಂದು ಕೋಳಿ ಪುಕ್ಕ ಉಬ್ಬಿಸಿ, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿತು. ಜೋಳ ಚೆಲ್ಲಿದರೆ ಉಳಿದವು ಮುಗಿಬಿದ್ದವು; ಇದು ಎರಡು ಸಲ ಕುಕ್ಕಿ, ಕೊಕ್ಕು ತೆರೆದು, ಕೊರಳು ಚಾಚಿ ಹೊರಳಿಸಿ ಸುಮ್ಮನಾಯಿತು. ಕಾವಿಗೆ ಬಂದಿರಬೇಕು ಎಂದುಕೊಂಡಳು ಕಸ್ತೂರಬಾಯಿ. ಕಾವಿಗೆ ಬಂದದ್ದು ಕೂರುತ್ತದೆ, ಇದು ನಿಂತಿದೆ. ಅಷ್ಟೂ ತಿಳಿಯದ ದಡ್ಡಿಯೇನಲ್ಲ ಅವಳು. ಆದರೆ ತಿಳಿದರೆ ಮುಟ್ಟಬೇಕಾಗುತ್ತಿತ್ತು.

ಮರುದಿನ ಅದರ ಜುಟ್ಟು ಬಿಳಿಚಿಕೊಂಡಿತ್ತು. ಕಸ್ತೂರಬಾಯಿ ಬಗ್ಗಿ ಕೈ ಚಾಚಿದಳು. ಗೇಣು ದೂರದಲ್ಲಿ ಕೈ ನಿಂತುಹೋಯಿತು. ಇನ್ನೂ ಪೂಜೆಯಾಗಿಲ್ಲ, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಪೂಜೆಯಾದ ಮೇಲೆ, ಪೂಜೆ ಮಾಡಿದ ಕೈಯಲ್ಲಿ ಹೇಗೆ ಮುಟ್ಟುವುದು ಎಂದುಕೊಂಡಳು. ಐದನೆಯ ದಿನ ಕೋಳಿ ಕಾಲು ಚಾಚಿ ಬಿದ್ದಿತ್ತು. ಕಸ ಗುಡಿಸುವವಳಿಗೆ ಹೇಳಿ ಅದನ್ನು ದೂರ ಒಯ್ಯಿಸಿದಳು.

ಮಧ್ಯಾಹ್ನ ಬಾಳವ್ವ ಬಂದಳು. ಸುದ್ದಿ ಕೇಳಿ ಗಂಟು ಕೆಳಗಿಟ್ಟಳು.

"ಚೀಲ ಮುಟ್ಟಿ ನೋಡಿದ್ರೇನ್ರಿ?"

"ನೋಡದ ಇರ್ತೀನೇನ? ದಿನಾ ನೋಡೀನಿ. ಖಾಲಿನ ಇತ್ತು. ನಿನ್ನಿ ಸಂಜೀತನಕ ಛಲೋನ ಇತ್ತು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಕಸ್ತೂರಬಾಯಿಗೇ ದಿಗಿಲಾಯಿತು. ಬಾಳವ್ವ ಒಂದಿಷ್ಟೂ ಅನುಮಾನಿಸದೆ ನಂಬಿದ್ದು ಅದಕ್ಕಿಂತ ಹೆಚ್ಚು ಚುಚ್ಚಿತು.

"ಹಂಗಾರ ಇದು ದೊಡ್ಡ ಬ್ಯಾನಿರಿ. ಚೀಲ ಖಾಲಿ, ಸಂಜಿಗೆ ಛಲೋ, ಮುಂಜಾನಿಗೆ ಖಲಾಸ್. ಉಳಿದವನ್ನ ಇಟ್ಕೊಂಡ್ರ ಓಣ್ಯಾನ ಕೋಳಿ ಒಂದೂ ಉಳಿಯಂಗಿಲ್ಲ" ಎಂದು ಬಾಳವ್ವ ಒಳಗಿನಿಂದ ಚಾಕು ತಂದಳು.

ಕಸ್ತೂರಬಾಯಿ ಬೇಲಿಯ ಈಚೆ ನಿಂತಿದ್ದಳು. ಈಗ ಹೇಳಬೇಕು ಎಂದುಕೊಂಡಳು. ಹೇಳಿದರೆ ತಾನು ಯಾರಾಗಿ ಉಳಿಯುತ್ತೇನೆ ಎಂದೂ ಅಂದುಕೊಂಡಳು. ಅಷ್ಟರಲ್ಲಿ ಬಿಳಿ ಕೋಳಿ ಒಂದು ಸಲ ಕೂಗಿ ಸುಮ್ಮನಾಯಿತು. ಬಾಳವ್ವ ಎರಡನೆಯದನ್ನು ಹಿಡಿದಳು.

"ನಾ ಮುಟ್ಟಿಲ್ಲ" ಎಂದಳು ಕಸ್ತೂರಬಾಯಿ.

"ಏನಂದ್ರಿ?"

"ಮುಟ್ಟಿಲ್ಲ ಬಾಳವ್ವ. ಮೂರನೇ ದಿನದಿಂದ ಮೂಲ್ಯಾಗ ನಿಂತಿತ್ತು. ಬಾಯಿ ತಗದು ಕೊರಳ ಹೊಳ್ಳಸ್ತಿತ್ತು. ಎಲ್ಲಾ ನೋಡೀನಿ, ಮುಟ್ಟಿಲ್ಲ."

ಬಾಳವ್ವ ಚಾಕು ಕೆಳಗಿಟ್ಟಳು. ಉಳಿದ ಮೂರೂ ಕೋಳಿಗಳ ಕೊರಳ ಬುಡವನ್ನು ಒಂದೊಂದಾಗಿ ಒತ್ತಿ ನೋಡಿ ಬಿಟ್ಟಳು. ಆಮೇಲೆ ಕೊಯ್ದಿಟ್ಟ ಬಿಳಿ ಕೋಳಿಯನ್ನು ನೋಡಿದಳು.

"ಇದಕ್ಕಿಂತ ಮೊದಲ ಹೇಳಬೇಕಿತ್ರಿ" ಎಂದಳು. ಅಷ್ಟೇ. ನಾಲ್ಕು ಬೈದಿದ್ದರೆ ಕಸ್ತೂರಬಾಯಿ ತಲೆ ಎತ್ತಬಹುದಾಗಿತ್ತು. ನಾಚಿಕೆಯಿಂದ ಅವಳಿಗೆ ಅಲ್ಲಿಂದ ಮನೆಯೊಳಗೆ ಹೋಗುವುದೂ ಆಗಲಿಲ್ಲ.

ಮೊಟ್ಟೆ ತಪ್ಪಲಿಲ್ಲ. ಮರುದಿನವೇ ಮಂದಾಕಿನಿಯನ್ನು ಕೂಗಿ ಕರೆದು ತಿನ್ನಿಸಿದಳು ಬಾಳವ್ವ. ಹತ್ತು ದಿನದ ಮೇಲೆ ಮೊಮ್ಮಗನ ತೊಟ್ಟಿಲಿಗೆಂದು ಮತ್ತೆ ಹೊರಟಾಗ ಅವಳ ತಲೆಯ ಮೇಲೊಂದು ಬುಟ್ಟಿ, ಬುಟ್ಟಿಯಲ್ಲಿ ಕಾಲು ಕಟ್ಟಿದ ಮೂರು ಕೋಳಿ. ಕಸ್ತೂರಬಾಯಿ ಹಿತ್ತಲಿನಿಂದ ಓಡಿಬಂದಳು.

"ಬಿಟ್ಟು ಹೋಗ ಬಾಳವ್ವ. ಈ ಸಲ ಮುಟ್ಟಿ ನೋಡ್ತೀನಿ. ಆಣಿ ಮಾಡಿ ಹೇಳ್ತೀನಿ."

ಬಾಳವ್ವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ ಅಕ್ಕಾರ, ನಿಮಗ್ಯಾಕ ತ್ರಾಸ" ಎಂದು ಬುಟ್ಟಿ ಸರಿಮಾಡಿಕೊಂಡು ಮಂಗಳವೇಢೆಯ ಬಸ್ಸಿಗೆ ನಡೆದಳು.