ಹಂಚಿನ ಬಣ್ಣ

"ಹಗೂರ... ಹಗೂರ..." ಎನ್ನುತ್ತ ಮೇಸ್ತ್ರಿ ಮಡಿವಾಳೆಪ್ಪ ಮತ್ತು ಅವನ ಜೊತೆಯವರು ಕಲ್ಲಿನ ಚಪ್ಪಡಿಯನ್ನು ಹೊಸ್ತಿಲು ದಾಟಿಸಿ ಪಡಸಾಲೆಯಲ್ಲಿ ಎರಡು ಕಟ್ಟಿಗೆ ತುಂಡುಗಳ ಮೇಲೆ ಮಲಗಿಸಿದರು. ನಾಗರತ್ನಾ ಹಸಿ ಬಟ್ಟೆಯಿಂದ ಧೂಳು ಒರೆಸಿದಳು. ಒರೆಸಿದಲ್ಲೆಲ್ಲ ಕೆಂಪು ಮೂಡಿತು. ಮಂಚದ ಮೇಲೆ ಕುಳಿತಿದ್ದ ಯಲ್ಲವ್ವ ಕತ್ತು ಚಾಚಿ ನೋಡಿದಳು.

"ನೋಡ್ರಿ ಅತ್ತಿ, ನೀವು ಹೇಳಿದ ಹಂಚಿನ ಬಣ್ಣನ ಸಿಕ್ತು. ಸವದತ್ತ್ಯಾಗ ಇರಲಿಲ್ರಿ, ಅಂಗಡ್ಯಾಂವ ಬೈಲಹೊಂಗಲದಿಂದ ತರಿಸಿ ಕೊಟ್ಟ," ಎಂದಳು ಸೊಸೆ.

"ಛಲೋ ಐತಿ," ಎಂದಳು ಯಲ್ಲವ್ವ. ಮತ್ತೇನು ಅನ್ನಬೇಕು?

ಕಲ್ಲೇನೋ ಚೆಲುವಾಗಿಯೇ ಇತ್ತು. ಆದರೆ ಯಲ್ಲವ್ವ ಫೋನಿನಲ್ಲಿ ಹೇಳಿದ ಹಂಚು ಒಲೆಯ ಮೇಲಿನದು, ರೊಟ್ಟಿ ಬೇಯಿಸುವುದು, ಇದ್ದಲಿಗೆ ಅಣ್ಣನಂತಿರುವುದು. ಅಂಗಡಿಯವನು ತಿಳಿದುಕೊಂಡದ್ದು ಮನೆಯ ಮೇಲೆ ಹೊದಿಸುವ ಹಂಚು. ಕರಿ ಕಲ್ಲು ಬೇಕು ಎಂದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಆದರೆ ಅದನ್ನೇ ಅನ್ನುವಂತಿರಲಿಲ್ಲವಲ್ಲ! ಅವಳ ಗಂಡನ ಹೆಸರು ಕರೆಪ್ಪ.

ಗಂಡನ ಹೆಸರು ಹೇಳಬಾರದೆಂಬುದು ಆ ಕಾಲದ ಎಲ್ಲ ಹೆಂಗಸರಿಗೂ ಇದ್ದ ಕಟ್ಟಳೆ. ಯಲ್ಲವ್ವ ಮಾತ್ರ ಹೆಸರಿನ ನೆರಳನ್ನೂ ತುಳಿದವಳಲ್ಲ. ಅವಳ ಬಾಯಲ್ಲಿ ಕರಿಬೇವು 'ಒಗ್ಗರಣಿ ತಪ್ಪಲ', ಕರಿಗಡಬು 'ಹಬ್ಬದ ಗಡಬು', ಹಿತ್ತಿಲಲ್ಲಿದ್ದ ಕರಿ ಎಮ್ಮೆ 'ಇದ್ದಲಿ ಎಮ್ಮಿ'. ಕಪ್ಪು ಎನ್ನಬಹುದಿತ್ತು, ಆದರೆ ಅದು ಪುಸ್ತಕದ ಮಾತು, ಮೇಲಾಗಿ ಗಂಡನನ್ನು ಹಿತ್ತಿಲ ಬಾಗಿಲಿನಿಂದ ಕರೆದಂತೆ. ರಾಮದುರ್ಗದಿಂದ ಬಂದ ಸೊಸೆ ಇದೆಲ್ಲ ಅತ್ತೆಯ ತವರಾದ ಹೂಲಿ ಕಡೆಯ ಭಾಷೆ ಇರಬೇಕೆಂದು ತಿಳಿದಿದ್ದಳು. ಅವಳು ಈ ಮನೆ ಹೊಕ್ಕಾಗ ಮಾವ ಆಗಲೇ ಹಾರ ಹಾಕಿದ ಫೋಟೋದಲ್ಲಿದ್ದ.

ಅಡಿಗೆಮನೆ ಹೊಸದು ಮಾಡುವ ಮಾತು ಬಂದಾಗಿನಿಂದ ಅತ್ತೆ ಸೊಸೆ ಮಂಚದ ಮೇಲೆ ಬಣ್ಣದ ಚೀಟಿಗಳನ್ನು ಹರವಿಕೊಂಡು ಕೂಡುತ್ತಿದ್ದರು. ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರು. ಯಲ್ಲವ್ವ ಅವಕ್ಕೆಲ್ಲ ಮತ್ತೆ ನಾಮಕರಣ ಮಾಡಿದಳು. "ಇದು ಅಂಬಲಿ ಬಣ್ಣ. ಇದು ಸುಟ್ಟ ಬದನಿಕಾಯಿ. ಇದೇನವಾ, ಜ್ವರ ಬಂದಾವರ ಮಾರಿ ಇದ್ದಂಗ ಐತಿ!" ನಾಗರತ್ನಾ ಬಿದ್ದು ಬಿದ್ದು ನಗುತ್ತಿದ್ದಳು. ಕಪಾಟುಗಳಿಗೆ ಹುಣಸೆ ಚಿಗುರಿನ ಬಣ್ಣ ಎಂದು ಇಬ್ಬರೂ ಒಪ್ಪಿದರು. ಹೊಳಪು ಬೇಡ, ಮಾಸಿದಂತಿರುವುದು ಇರಲಿ, ಬೆರಳಿನ ಗುರುತು ಕಾಣುವುದಿಲ್ಲ ಎಂದು ಸೊಸೆ ಹೇಳಿದ್ದಕ್ಕೂ ಅತ್ತೆ ಹೂಂ ಎಂದಳು. ಉಳಿದದ್ದು ಅಡಿಗೆ ಕಟ್ಟೆಯ ಕಲ್ಲೊಂದೇ. ನಾಗರತ್ನಾಳ ಮನಸ್ಸು ಹಾಲಿನಂಥ ಬಿಳಿ ಕಲ್ಲಿನ ಮೇಲಿತ್ತು. ಆದರೂ ಅಂಗಡಿಯಿಂದ ಫೋನು ಮಾಡಿ, "ಕಲ್ಲ ನಿಮ್ಮ ಪಸಂದ್ರಿ ಅತ್ತಿ, ಬಣ್ಣ ಹೇಳ್ರಿ," ಎಂದಿದ್ದಳು.

ತನ್ನ ಆಸೆ ನುಂಗಿಕೊಂಡು ತಂದವಳಿಗೆ ಈಗ ಇದಲ್ಲ ಎನ್ನುವುದು ಹೇಗೆ?

ಅನ್ನದಿದ್ದರೂ ಆಗದು. ಹಳೆಯ ಕಟ್ಟೆ ಒಡೆಯುವಾಗ ಒಲೆಯ ಪಕ್ಕದ ಕರಿ ಚಪ್ಪಡಿ ಎರಡು ಹೋಳಾಗಿತ್ತು. ಅವಳು ಮದುವೆಯಾಗಿ ಬಂದ ವರ್ಷ ಕರೆಪ್ಪ ಹೂಲಿಯಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದ ಕಲ್ಲು ಅದು. ಅದರ ಮೇಲೆ ಜೋಳದ ಹಿಟ್ಟು ಹರವಿದರೆ ಬೆಳದಿಂಗಳು ಚೆಲ್ಲಿದಂತಿರುತ್ತಿತ್ತು. ಅವಳ ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ ಕರೆಪ್ಪ ಒಳಗೆ ಬರುತ್ತಿದ್ದ. ಸಾಲೆಯ ಮುಖ ಕಾಣದ ಹೆಂಡತಿಗೆ ಆ ಹಿಟ್ಟಿನಲ್ಲಿ ಬೆರಳು ಹಿಡಿದು ಅಕ್ಷರ ತಿದ್ದಿಸಿದ. ಮೊದಲು ಅವಳ ಹೆಸರು, ಆಮೇಲೆ ತನ್ನದು.

"ಅಯ್ಯ, ಪಾಪ ಬರತೈತಿ!" ಎಂದು ಅವಳು ಕೈ ಎಳೆದುಕೊಂಡಿದ್ದಳು.

"ಬಾಯಿಲೆ ಅನಬಾರದು ಅಂದಾರ. ಬೆರಳಿಲೆ ಬರೀಬಾರದು ಅಂತ ಯಾರ ಅಂದಾರ?"

ಅತ್ತೆಯ ಹೆಜ್ಜೆ ಸಪ್ಪಳ ಕೇಳಿದೊಡನೆ ಹೆಸರಿನ ಮೇಲೆಯೇ ಹಿಟ್ಟಿನ ಮುದ್ದೆ ಇಟ್ಟು ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿಯನ್ನು ಕರೆಪ್ಪನೇ ಕೇಳಿ ತಿನ್ನುತ್ತಿದ್ದ. "ನನ್ನ ಹೆಸರು ನಾನ ತಿಂದೆ," ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಿದ್ದ. ಆ ನಗೆಗಾಗಿ ಯಲ್ಲವ್ವ ಇಂದಿಗೂ ಹಸಿದಿದ್ದಳು.

ಮಡಿವಾಳೆಪ್ಪ ಚಪ್ಪಡಿಯ ಮೇಲೆ ಸಿಂಕಿನ ಗುರುತು ಹಾಕಿ, ಕಟರಿನ ವೈರು ಜೋಡಿಸಿದ. "ಆಯಿ, ಧೂಳ ಏಳತೈತಿ, ಹೊರಗ ಕುಂದರ್ರಿ," ಎಂದ.

ಯಲ್ಲವ್ವ ಎದ್ದಳು. ಹೊರಗೆ ಹೋಗಲಿಲ್ಲ. "ತಡೀಪಾ," ಎಂದು ಕಲ್ಲಿನ ಮೇಲೆ ಕೈಯಿಟ್ಟಳು. "ನಾಗೂ, ಸಿಟ್ಟಾಗಬ್ಯಾಡವಾ. ನಾ ಅಂದ ಹಂಚು ಇದಲ್ಲ. ರೊಟ್ಟಿ ಹಂಚು."

ನಾಗರತ್ನಾ ಪಡಸಾಲೆಯ ಮೂಲೆಯ ಕಡೆ ನೋಡಿದಳು. ಅಲ್ಲಿ ಹೂಡಿದ್ದ ತಾತ್ಕಾಲಿಕ ಒಲೆಯ ಮೇಲೆ ಅವಳೇ ತಂದ ಅಲ್ಯೂಮಿನಿಯಂ ಹಂಚು ಪಳಪಳ ಹೊಳೆಯುತ್ತಿತ್ತು. "ಅದು ಬೆಳ್ಳಗ ಐತೆಲ್ರಿ ಅತ್ತಿ? ಬಿಳೀದು ಬೇಕಾಗಿತ್ತೇನ್ರಿ?"

"ಅದಲ್ಲವಾ, ಮೊದಲಿನ ಹಂಚು..."

"ಬಣ್ಣ ಯಾವದು ಅನ್ರಿ. ಬಾಯಿಬಿಟ್ಟ ಹೇಳ್ರೆಲ್ಲ!"

ಯಲ್ಲವ್ವ ಮೂಲೆಯ ಡಬ್ಬಿಯಿಂದ ಒಂದು ಹಿಡಿ ಜೋಳದ ಹಿಟ್ಟು ತಂದು ಕೆಂಪು ಕಲ್ಲಿನ ಮೇಲೆ ಹರವಿದಳು. ಬಾಗಿ, ತೋರುಬೆರಳಿನಿಂದ ತಿದ್ದಿ ತಿದ್ದಿ ಎರಡಕ್ಷರ ಬರೆದಳು.

"ಕರಿ," ಎಂದು ಓದಿದಳು ನಾಗರತ್ನಾ. ಅತ್ತೆಯ ಮುಖ ನೋಡಿದಳು, ಗೋಡೆಯ ಮೇಲಿನ ಫೋಟೋ ನೋಡಿದಳು. ಒಗ್ಗರಣಿ ತಪ್ಪಲ, ಹಬ್ಬದ ಗಡಬು, ಇದ್ದಲಿ ಎಮ್ಮಿ, ಎಲ್ಲ ಒಮ್ಮೆಲೆ ತಿಳಿಯಿತು. "ಅಯ್ಯ ನನ್ನವ್ವ! ಮಾವನ ಹೆಸರೇನ್ರಿ!" ಎಂದು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ನನಗೂ ಈ ಕೆಂಪು ಸೇರಿರಲಿಲ್ರಿ ಅತ್ತಿ. ನಿಮ್ಮ ಮನಸ್ಸು ಮುರೀಬಾರದು ಅಂತ ಸುಮ್ಮನಿದ್ದೆ."

"ನಾನೂ ಅದಕ್ಕ ಸುಮ್ಮನಿದ್ದೆ," ಎಂದಳು ಯಲ್ಲವ್ವ.

"ಛಲೋ ಆತು ಬಿಡ್ರಿ, ನೀವು ಇನ್ನೊಂದ ಗಳಿಗಿ ಸುಮ್ಮನಿದ್ದಿದ್ರ ನಾ ಕೊರದ ಬಿಡತಿದ್ದೆ," ಎಂದು ಮಡಿವಾಳೆಪ್ಪ ವೈರು ಕಿತ್ತ.

ಕೆಂಪು ಕಲ್ಲು ವಾಪಸು ಹೋಗಿ ಕರಿ ಕಲ್ಲು ಬಂತು. ಅದರ ಹಿಂದಿನ ಗೋಡೆಗೆ ನಾಗರತ್ನಾಳ ಹಾಲಿನ ಬಿಳುಪು ಏರಿತು. ಮೊದಲ ದಿನ ಹಾಲು ಉಕ್ಕಿಸಿದ ಮೇಲೆ ಯಲ್ಲವ್ವ ಅಟ್ಟದ ಮೇಲಿದ್ದ ಹಳೆಯ ಹಂಚು ಇಳಿಸಿಕೊಂಡು, "ಮೊದಲನೆ ರೊಟ್ಟಿ ನಾನ ಬಡೀತೇನಿ," ಎಂದಳು. ಹಿಟ್ಟು ಹರವಿದಳು. ಬೆಳದಿಂಗಳು ಚೆಲ್ಲಿತು. ಅವಳ ಬೆರಳು ಹಿಟ್ಟಿನಲ್ಲಿ ಆಡುವಾಗ ನಾಗರತ್ನಾ ಒಲೆಯ ಉರಿ ಸಣ್ಣದು ಮಾಡುವ ನೆಪದಲ್ಲಿ ಅತ್ತ ತಿರುಗಿದಳು. ಆದರೂ ಮೂರು ಅಕ್ಷರಗಳು ಅವಳ ಕಣ್ಣಿಗೆ ಬಿದ್ದವು. ಅವುಗಳ ಮೇಲೆ ಮುದ್ದೆ ಕೂತಿತು, ಬಳೆಯಿಲ್ಲದ ಕೈ ಪಟಪಟ ಬಡಿಯತೊಡಗಿತು.

ಉಬ್ಬಿದ ರೊಟ್ಟಿಯನ್ನು ಯಲ್ಲವ್ವ ಎರಡಾಗಿ ಮುರಿದು ಒಂದು ತುಂಡು ಸೊಸೆಯ ಕೈಗಿಟ್ಟಳು. ನಾಗರತ್ನಾ ತಿನ್ನುವ ಮೊದಲು ಅದನ್ನು ಮೆಲ್ಲಗೆ ಮಗುಚಿ ನೋಡಿದಳು. ಅಲ್ಲಿ ಹಂಚಿನ ಕರಿ ಚುಕ್ಕೆಗಳಿದ್ದವು.