ಗೋರಂಟಿಗೆ ಎರಡು ಹಿಡಿ ಉಪ್ಪು

ಲಕ್ಷ್ಮೀಕಾಂತ ಹುಟ್ಟಿದ್ದು ಚೇಳೂರಿನ ತೆಂಗಿನ ತೋಟದಲ್ಲಿ, ಅದೇನೋ ನಿಜ. ಆದರೆ ಆ ತೋಟದಲ್ಲಿ ಅವನು ಗುದ್ದಲಿ ಹಿಡಿದವನಲ್ಲ. ಎಳನೀರು ಕುಡಿಯುವುದಕ್ಕೆ ಎಲ್ಲರಿಗಿಂತ ಮುಂದೆ, ಕಳೆ ಕೀಳುವುದಕ್ಕೆ ಎಲ್ಲರಿಗಿಂತ ಹಿಂದೆ. ಬಿ.ಕಾಂ. ಮುಗಿಸಿ ತುಮಕೂರಿನ ಆಡಿಟರ್ ಆಫೀಸೊಂದಕ್ಕೆ ಸೇರಿದ, ಗುಬ್ಬಿಯಲ್ಲಿ ಮನೆ ಮಾಡಿದ, ದಿನಾ ರೈಲಿನಲ್ಲಿ ಓಡಾಡಿಕೊಂಡೇ ತಲೆ ನರೆಸಿಕೊಂಡ. ಇಷ್ಟಾದರೂ ಆಫೀಸಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಕಂಡರೆ ಸಾಕು, ಪುಣ್ಯಾತ್ಮನ ಎದೆ ಉಬ್ಬುತ್ತಿತ್ತು. "ನಾವು ರೈತರ ಮಕ್ಳು ಕಣ್ರೀ. ಗಿಡದ ಮಖ ನೋಡಿದ್ರೆ ಅದಕ್ಕೇನು ಬೇಕು ಅಂತ ಗೊತ್ತಾಗ್ಬಿಡುತ್ತೆ" ಅನ್ನುತ್ತಿದ್ದ. ಅನ್ನಲಿ ಬಿಡಿ, ಬಾಯಿ ಮಾತಿಗೇನು ಸುಂಕ ಕಟ್ಟಬೇಕೆ!

ಬಾಲ್ಕನಿಯ ಗಿಡಗಳನ್ನು ಶುರು ಮಾಡಿದ್ದು ಆಡಿಟರ್ ಉಮಾಮಹೇಶ್ವರಿ ಮೇಡಂ. ಮೊದಲು ಒಂದು ತುಳಸಿ, ಆಮೇಲೆ ದೊಡ್ಡಪತ್ರೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ತಂದಿಟ್ಟು, ಜಿಎಸ್‌ಟಿ ಫೈಲುಗಳ ನಡುವೆ ಅದೊಂದು ಪುಟ್ಟ ಸಂಸಾರವೇ ಆಗಿಹೋಯಿತು. ಮಳೆ ಹಿಡಿದ ಸಂಜೆ ದೊಡ್ಡಪತ್ರೆ ಎಲೆ ಕಿತ್ತು, ಎದುರಿನ ಹೋಟೆಲಿನಲ್ಲಿ ಬಜ್ಜಿ ಹಾಕಿಸಿಕೊಂಡು ಎಲ್ಲರೂ ಒಟ್ಟಿಗೆ ತಿಂದದ್ದುಂಟು. ಮೇಡಂ ತಂದ ಗುಲಾಬಿ ಮೊಗ್ಗೇ ಬಿಡದೆ ಮುನಿಸಿಕೊಂಡಾಗ ಲಕ್ಷ್ಮೀಕಾಂತ ಕತ್ತರಿ ತಗೊಂಡು ಕಚಕಚ ಸವರಿಬಿಟ್ಟ. ಸ್ವಲ್ಪ ದಿನಕ್ಕೆ ಹೂ ಬಿಟ್ಟಿತು. ಅದು ತಾನಾಗೇ ಬಿಡುತ್ತಿತ್ತೋ ಏನೋ, ಆ ದೇವರಿಗೇ ಗೊತ್ತು. ಅಂದಿನಿಂದ ಅವನು ಆಫೀಸಿನ ರೈತ. ದಿನಾ ನೀರು ಹಾಕಿ, ಒಣಗಿದ ಎಲೆ ಕಿತ್ತು, ಬಿಸಿಲಿಗೆ ತಕ್ಕಂತೆ ಕುಂಡ ಸರಿಸುತ್ತಿದ್ದವಳು ಮಾತ್ರ ಕಸ ಗುಡಿಸಲು ಊರ್ಡಿಗೆರೆಯಿಂದ ಬೆಳಗಿನ ಬಸ್ಸಿಗೆ ಬರುವ ಚಿಕ್ಕಮಾರಮ್ಮ. ಅವಳಿಗೆ ಯಾವ ಬಿರುದೂ ಸಿಗಲಿಲ್ಲ, ಅವಳು ಕೇಳಲೂ ಇಲ್ಲ.

ಬಾಲ್ಕನಿಯ ಬಿಸಿಲು ಬೀಳುವ ಮೂಲೆಯಲ್ಲಿದ್ದ ಗೋರಂಟಿ ಗಿಡ ತೌಹೀದನದು. ಕುಣಿಗಲ್‌ನಿಂದ ಬರುವ ತೌಹೀದ್ ಲಕ್ಷ್ಮೀಕಾಂತನ ಪಕ್ಕದ ಮೇಜಿನವನು, ಬುತ್ತಿ ಹಂಚಿಕೊಂಡು ತಿನ್ನುವ ಹಳೆಯ ಗೆಳೆಯ. ಅವನ ಮನೆಯ ಹಿತ್ತಿಲಲ್ಲಿ ಅಜ್ಜಿ ನೆಟ್ಟ ದೊಡ್ಡ ಗೋರಂಟಿ ಮರವಿತ್ತಂತೆ. ರೂಮು ಕಟ್ಟಿಸುವಾಗ ಅದನ್ನು ಕಡಿಯಬೇಕಾಯಿತು. ಉಳಿದದ್ದು ಕುಂಡಕ್ಕೆ ಚುಚ್ಚಿದ ಒಂದು ಕಡ್ಡಿ. ಮನೆಯಲ್ಲಿ ಬಿಸಿಲಿಲ್ಲದೆ ಸೊರಗುತ್ತಿದೆ ಅಂತ ಅವನು ಆಫೀಸಿಗೆ ತಂದಿಟ್ಟಿದ್ದ. ಇಲ್ಲಿ ಅದು ಸೊಂಟದೆತ್ತರ ಬೆಳೆದಿತ್ತು.

ಈಗ ತೌಹೀದನ ಮಗಳು ಮಾಹಿರಾಳ ಮದುವೆ ಗೊತ್ತಾಗಿತ್ತು. ರಜೆಯ ಮೇಲೆ ಹೊರಡುವ ದಿನ ಅವನು ಲಕ್ಷ್ಮೀಕಾಂತನನ್ನು ಬಾಲ್ಕನಿಗೆ ಕರೆದ.

"ಕಾಂತಣ್ಣ, ಮೆಹಂದಿ ಹಾಕೋಕೆ ಕೋನ್ ಹಿಡ್ಕೊಂಡು ಹುಡ್ಗೀರು ಬರ್ತಾರೆ. ಆದ್ರೆ ನಮ್ಮಮ್ಮೀದು ಒಂದೇ ಹಟ. ಅವ್ರ ಕೈಗೆ, ನಮ್ಮಕ್ಕಂದಿರ ಕೈಗೆ ಎಲ್ಲಾ ಇದೇ ಗಿಡದ ಸೊಪ್ಪು. ಮೊಮ್ಮಗಳ ಅಂಗೈಗೂ ಒಂದು ಬೊಟ್ಟಾದ್ರೂ ಇದ್ರದ್ದೇ ಆಗ್ಬೇಕಂತೆ. ನೀವು ಬರೋವಾಗ ಕಿತ್ಕೊಂಡು ಬಂದ್ಬಿಡಿ."

"ಒಂದು ಬೊಟ್ಟು ಯಾಕಯ್ಯಾ? ಎರಡು ಕೈ ತುಂಬ ಅರೆಯೋವಷ್ಟು ಸೊಪ್ಪು ಬರಿಸ್ತೀನಿ. ನೋಡ್ತಿರು" ಅಂದ ಲಕ್ಷ್ಮೀಕಾಂತ, ಗಿಡದ ಬೆನ್ನು ತಟ್ಟುವವನಂತೆ ಕುಂಡ ತಟ್ಟುತ್ತಾ.

ಬರಿಸುವುದು ಹೇಗೆ? ಅವನಿಗೆ ಗೊತ್ತಿದ್ದ ಬೇಸಾಯವೆಲ್ಲ ಒಂದೇ. ಚಿಕ್ಕವನಿದ್ದಾಗ ಅಪ್ಪ ವೆಂಕಟರಂಗಯ್ಯ ತೆಂಗಿನ ಬುಡ ಬಿಡಿಸಿ ಗೊಬ್ಬರದ ಜೊತೆ ಉಪ್ಪು ಹಾಕುತ್ತಿದ್ದರು, ಇವನು ಉಪ್ಪಿನ ಮಂಕರಿ ಹೊತ್ತು ಹಿಂದೆ ಹೋಗುತ್ತಿದ್ದ. ಮುಂದಿನ ಸಲ ಮರದಲ್ಲಿ ಕಾಯಿ ಜೋತಾಡುತ್ತಿದ್ದವು. ತೆಂಗು ಬೇರೆ, ಗೋರಂಟಿ ಬೇರೆ, ತೋಟ ಬೇರೆ, ಒಂದು ಕುಂಡ ಬೇರೆ ಅಂತ ಒಂದು ಸಲ ಯೋಚನೆ ಮಾಡಬಾರದೆ? ಅಪ್ಪನಿಗೆ ಒಂದು ಫೋನ್ ಹಚ್ಚಬಾರದೆ? ಇಲ್ಲ. ರೈತನ ಮಗ ಯಾರನ್ನಾದರೂ ಕೇಳುವುದುಂಟೆ! ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಕಲ್ಲುಪ್ಪಿನ ಪ್ಯಾಕೆಟ್ ಒಡೆದು, ಎರಡು ಹಿಡಿ ಬುಡಕ್ಕೆ ಸುರಿದು, ಮೇಲೆ ಮಣ್ಣೆಳೆದು ನೀರು ಹಾಕಿ, ಕೈ ಒರೆಸಿಕೊಂಡು ಬಂದು ಮೊಸರನ್ನ ತಿಂದ.

ಮೊದಲು ಎಲೆಯ ಅಂಚು ಸುಟ್ಟಂತೆ ಕಂದಿತು. ಆಮೇಲೆ ಉದುರತೊಡಗಿತು. ಇವನು ಗಾಬರಿಯಿಂದ ಕುಂಡದ ತುಂಬ ನೀರು ಹುಯ್ದ, ಉಪ್ಪು ಇನ್ನೂ ಕೆಳಗಿಳಿಯಿತು. ವಾರ ಕಳೆಯುವುದರೊಳಗೆ ಗೋರಂಟಿ ಬರೀ ಕಡ್ಡಿಯಾಗಿ ನಿಂತಿತು.

ಮೇಡಂ ಬಾಲ್ಕನಿಗೆ ಬಂದು ನೋಡಿ ಹೌಹಾರಿದರು. "ಅಯ್ಯೋ, ಇದೇನ್ರೀ ಆಗಿದ್ದು? ಲಕ್ಷ್ಮೀಕಾಂತ್, ನೀವು ಹೇಳಿ, ಏನಾಗಿದೆ ಇದಕ್ಕೆ?"

ಆಫೀಸೆಲ್ಲ ಅವನ ಮುಖ ನೋಡಿತು. ಬಾಗಿಲ ಪಕ್ಕ ಬಕೆಟ್ ಹಿಡಿದು ಚಿಕ್ಕಮಾರಮ್ಮನೂ ನಿಂತಿದ್ದಳು. ಉಪ್ಪು ಅನ್ನುವ ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅವನ ಕಣ್ಣಿಗೆ ಆ ಬಕೆಟ್ ಬಿತ್ತು.

"ಬುಡಕ್ಕೆ ಫಿನಾಯಿಲ್ ನೀರು ಬಿದ್ದಿರ್ಬೇಕು ಮೇಡಂ" ಅಂದ. ಅಂದೇಬಿಟ್ಟ! ಯಾರ ಹೆಸರನ್ನೂ ಹೇಳಲಿಲ್ಲ ಅಂತ ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೆಸರು ಬೇರೆ ಹೇಳಬೇಕಿತ್ತೇನು? ಆ ಆಫೀಸಿನಲ್ಲಿ ಫಿನಾಯಿಲ್ ಮುಟ್ಟುವ ಕೈ ಒಂದೇ.

ಚಿಕ್ಕಮಾರಮ್ಮನ ಮುಖ ಬಿಳಿಚಿಕೊಂಡಿತು. "ನಾನು ಬಚ್ಚಲಿಗೇ ಚೆಲ್ತಿದ್ದೆ ಕಣ್ರವ್ವಾ... ಮರ್ತು ಒಂದ್ಸಲ ಇಲ್ಲಿ ಚೆಲ್ಬುಟ್ನೋ ಏನೋ" ಅಂದಳು. ಮೇಡಂ ಗಟ್ಟಿಯಾಗಿ ಬೈಯಲಿಲ್ಲ. "ಮದುವೆ ಗಿಡ ಅಂತ ಗೊತ್ತಿತ್ತಲ್ಲ ಚಿಕ್ಕಮಾರಮ್ಮ, ಸ್ವಲ್ಪ ನೋಡ್ಕೋಬಾರ್ದಿತ್ತಾ" ಅಂದು ಒಳಗೆ ಹೋಗಿ ತೌಹೀದನಿಗೆ ಫೋನ್ ಮಾಡಿದರು. ಆಮೇಲೆ ಫೋನನ್ನು ಲಕ್ಷ್ಮೀಕಾಂತನಿಗೂ ಕೊಟ್ಟರು.

"ನಾನಿದ್ದೂ ಹಿಂಗಾಗೋಯ್ತಲ್ಲಯ್ಯಾ" ಅಂದ ಲಕ್ಷ್ಮೀಕಾಂತ. ಅದು ಸುಳ್ಳಲ್ಲ ನೋಡಿ, ಅದೇ ತಮಾಷೆ.

"ಅಮ್ಮೀಗೆ ಹೆಂಗ್ ಹೇಳೋದೋ ಗೊತ್ತಾಗ್ತಿಲ್ಲ ಕಾಂತಣ್ಣ. ಹೋಗ್ಲಿ, ನೀವು ಬೇಜಾರು ಮಾಡ್ಕೋಬೇಡಿ. ಪಾಪ, ಚಿಕ್ಕಮಾರಮ್ಮನ್ನ ಯಾರೂ ಬೈಬೇಡಿ" ಅಂದ ತೌಹೀದ್.

ಆ ಸಂಜೆ ಗುಬ್ಬಿಯ ಮನೆಯಲ್ಲಿ ಲಕ್ಷ್ಮೀಕಾಂತ ಹೆಂಡತಿ ಪ್ರಮೀಳಾಳ ಮುಂದೆ ಎಲ್ಲವನ್ನೂ ಬಾಯಿಬಿಟ್ಟ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಿಡಕ್ಕೆ ಉಪ್ಪಾ? ಏನ್ರೀ, ಉಪ್ಪಿನಕಾಯಿ ಹಾಕೋಕೆ ಹೊರ್ಟಿದ್ರಾ?" ಫಿನಾಯಿಲಿನ ಮಾತು ಬಂದಾಗ ಅವಳ ನಗು ನಿಂತಿತು.

"ಆ ಹೆಂಗಸಿಗೆ ಹೇಳಿದ್ರಾ?"

"ನಾಳೆ ಹೇಳ್ತೀನಿ ಕಣೇ."

"ನಾಳೆ ಅಂದ್ರೆ ನಾಳೇನೇ. ಥೂ, ಅನ್ನ ತಿನ್ನೋರು ಮಾಡೋ ಕೆಲ್ಸಾನಾ ಇದು!"

ಮರುದಿನ ಹೇಳಬೇಕೆಂದೇ ಹೋದ. ಚಿಕ್ಕಮಾರಮ್ಮ ಬಾಲ್ಕನಿಯ ಬಾಗಿಲವರೆಗೆ ಗುಡಿಸಿ ಅಲ್ಲೇ ನಿಂತಿದ್ದಳು. "ಗಿಡುಕ್ಕೆ ನೀರು ನೀವೇ ಯಾರಾನಾ ಹಾಕ್ಬುಡಿ ಸಾ. ನನ್ ಕೈ ಬ್ಯಾಡ" ಅಂದಳು. "ಚಿಕ್ಕಮಾರಮ್ಮ..." ಅಂತ ಶುರು ಮಾಡಿದ. ಕಕ್ಷಿದಾರರೊಬ್ಬರು ಫೈಲು ಹಿಡಿದು ಬಂದರು. ಅವರು ಹೋದ ಮೇಲೆ ಹೇಳಬಹುದಿತ್ತು. ಮಧ್ಯಾಹ್ನ ಹೇಳಬಹುದಿತ್ತು. ಹೇಳಲಿಲ್ಲ. ದಿನ ಹೋದಷ್ಟೂ ಆ ಮಾತು ಭಾರವಾಯಿತು, ನಾಲಿಗೆ ಹಗುರವಾಗಲಿಲ್ಲ. ಮನೆಯಲ್ಲಿ ಪ್ರಮೀಳಾ ಕೇಳಿದಾಗ "ಹೇಳಾಯ್ತು" ಅಂದುಬಿಟ್ಟ. ನೋಡಿ, ಒಂದಿದ್ದದ್ದು ಎರಡಾಯಿತು.

ಮೆಹಂದಿಯ ಭಾನುವಾರ ಮೇಡಂ ಕಾರಿನಲ್ಲಿ ಎಲ್ಲರೂ ಕುಣಿಗಲ್‌ಗೆ ಹೊರಟರು. ಚಿಕ್ಕಮಾರಮ್ಮ ಹಿಂದಿನ ಸೀಟಿನಲ್ಲಿ ಲಕ್ಷ್ಮೀಕಾಂತನ ಪಕ್ಕದಲ್ಲೇ ಕೂತಳು. ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ, ತೊಡೆಯ ಮೇಲೆ ಒದ್ದೆ ಬಟ್ಟೆ ಸುತ್ತಿದ ಒಂದು ಚೀಲ.

"ಏನದು ಚಿಕ್ಕಮಾರಮ್ಮ?" ಕೇಳಿದ ಅವನು.

"ಗೋರಂಟಿ ಸೊಪ್ಪು ಸಾ. ನಮ್ ಚಿಕ್ಕಮ್ಮನ ಬೇಲೀಲೈತೆ. ಹೊತ್ತಾರೆ ಎದ್ದು ಕಿತ್ಕಂಡ್ ಬಂದೆ. ಆ ಗಿಡದ್ದು ಆಗಕಿಲ್ಲ, ಗೊತ್ತು. ಬರಿಗೈಲಿ ಹೆಂಗ್ ಹೋಗ್ಲಿ ತೌಹೀದ್ ಸಾರ್ ಅವ್ವನ ಮುಂದೆ?"

ಕುಣಿಗಲ್ ಬರುವವರೆಗೂ ಅವನು ಕಿಟಕಿಯ ಕಡೆಯೇ ಮುಖ ಮಾಡಿ ಕೂತ. ಕಾರು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಅನ್ನಿಸುತ್ತಿತ್ತು. ಕಾರು ಚೆನ್ನಾಗಿಯೇ ಇತ್ತು.

ತೌಹೀದನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು, ಸ್ಪೀಕರಿನಲ್ಲಿ ಹಾಡು ಕಿವಿ ಕಿತ್ತುಹೋಗುವಷ್ಟು. ಜಗಲಿಯ ಕುರ್ಚಿಯಲ್ಲಿ ತೌಹೀದನ ತಾಯಿ ಜಮಾಲುನ್ನೀಸಾ ಕೂತಿದ್ದರು. ಚಿಕ್ಕಮಾರಮ್ಮ ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಹೋಗಿ ಚೀಲವನ್ನು ಅವರ ಮುಂದಿಟ್ಟು, ಬಗ್ಗಿ ಕಾಲು ಹಿಡಿದುಕೊಂಡಳು.

"ತೆಪ್ಪಾಗೋಯ್ತು ಕಣ್ರಮ್ಮಾ. ನಿಮ್ ಗಿಡ ನಾನೇ ಕೊಂದಾಕ್ಬುಟ್ಟೆ."

"ಅಯ್ಯಯ್ಯೋ, ಏಳಮ್ಮಾ, ಏಳು! ಕಾಲು ಹಿಡೀಬಾರ್ದು" ಅಂತ ಆ ಮುದುಕಿ ಗಾಬರಿಯಿಂದ ಅವಳ ತೋಳು ಹಿಡಿದೆತ್ತಿ ಪಕ್ಕದಲ್ಲಿ ಕೂರಿಸಿಕೊಂಡರು. "ನಮ್ಮತ್ತೆ ನೆಟ್ಟಿದ್ದು ಅದು. ಕೇಳಿದಾಗ ಸಂಕಟ ಆಯ್ತು, ಇಲ್ಲ ಅನ್ನಲ್ಲ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಬೇಕು ಅಂತ ಮಾಡಿದ್ಯಾ? ಇಲ್ವಲ್ಲ. ನೀನು ತಂದಿದ್ದನ್ನೇ ಅರೆಸಿ ಹಚ್ತೀನಿ."

ಆಮೇಲೆ ಅವರು ಕಂಬದ ಪಕ್ಕ ನಿಂತಿದ್ದ ಲಕ್ಷ್ಮೀಕಾಂತನ ಕಡೆ ತಿರುಗಿದರು. "ನೀವೇ ಅಲ್ವಾ ಕಾಂತಣ್ಣ? ಗಿಡಾನ ಸ್ವಂತ ಮಗು ಥರ ನೋಡ್ಕೊಂಡ್ರಿ ಅಂತ ನಮ್ ತೌಹೀದ್ ಹೇಳ್ತಿದ್ದ. ಅಲ್ಲಾ ನಿಮ್ಗೆ ಒಳ್ಳೇದು ಮಾಡ್ಲಿ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. "ನಾನೇ ಅಮ್ಮಾ. ಉಪ್ಪು ಹಾಕಿದ್ದು ನಾನೇ" ಅಂದ.

ಸ್ಪೀಕರಿನ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಜಮಾಲುನ್ನೀಸಾ ಕಿವಿಗೆ ಕೈ ಅಡ್ಡ ಹಿಡಿದು, "ಏನಪ್ಪಾ?" ಅಂದರು. ಒಂದೇ ಗಳಿಗೆ. ಮದುವೆ ಚೆನ್ನಾಗಿ ಆಗಲಿ ಅಂದೆ ಅಂತ ಹೇಳಿ ನಕ್ಕುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಆ ಮಾತು ಅವನ ತುಟಿಯವರೆಗೆ ಬಂದಿತ್ತು ಕೂಡ, ಕಳ್ಳ! ಚಿಕ್ಕಮಾರಮ್ಮ ಕಣ್ಣು ಒರೆಸಿಕೊಳ್ಳುತ್ತಾ ಆಗಲೇ ಸೊಪ್ಪಿನ ಕಡ್ಡಿ ಬಿಡಿಸತೊಡಗಿದ್ದಳು.

ಅವನು ಹೋಗಿ ಸ್ಪೀಕರಿನ ಪ್ಲಗ್ಗನ್ನೇ ಕಿತ್ತುಬಿಟ್ಟ. ಎಲ್ಲರೂ ತಿರುಗಿ ನೋಡಿದರು. ಒಳಗಿಂದ ತೌಹೀದ್ ಓಡಿಬಂದ.

"ಗಿಡ ಕೊಂದಿದ್ದು ನಾನು. ಬೇಗ ಬೆಳೀಲಿ ಅಂತ ಎರಡು ಹಿಡಿ ಉಪ್ಪು ಹಾಕ್ದೆ. ಫಿನಾಯಿಲೂ ಇಲ್ಲ, ಏನೂ ಇಲ್ಲ. ಸುಳ್ಳು ಹೇಳ್ದೆ." ಅವನ ದನಿ ಒಡೆಯಿತು.

"ಉಪ್ಪಾ?" ಅಂದ ತೌಹೀದ್. "ಉಪ್ಪು ಯಾಕೆ ಕಾಂತಣ್ಣ?"

"ತೆಂಗಿಗೆ ಹಾಕ್ತಾರಲ್ಲಯ್ಯಾ..."

ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ, ಅವನನ್ನು ನೋಡಿ ಮುಖ ತಿರುಗಿಸಿಕೊಂಡರು. ಜಮಾಲುನ್ನೀಸಾ "ಆಗಿದ್ದಾಯ್ತು ಬಿಡಪ್ಪಾ, ಮದ್ವೆ ಮನೇಲಿ ಕಣ್ಣೀರು ಹಾಕ್ಬಾರ್ದು" ಅಂದರು. ತೌಹೀದ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಆ ಕೈ ಮೊದಲಿನಷ್ಟು ಹಗುರವಾಗಿರಲಿಲ್ಲ, ಆದರೂ ಇಟ್ಟ. ನಗುವವರು ನಗಲಿ, ಬೈಯುವವರು ಬೈಯಲಿ, ಎಲ್ಲ ಮುಗಿಯಿತು ಅಂತ ಲಕ್ಷ್ಮೀಕಾಂತ ಉಸಿರುಬಿಟ್ಟ.

ಚಿಕ್ಕಮಾರಮ್ಮ ಮಾತ್ರ ಸೊಪ್ಪು ಬಿಡಿಸುತ್ತಲೇ ಇದ್ದಳು. ಅವನೇ ಅವಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, "ತಪ್ಪಾಯ್ತು ಕಣಮ್ಮಾ" ಅಂದ.

ಅವಳು ಸೊಪ್ಪಿನಿಂದ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಆವತ್ತಿಂದ ನಂಗೆ ನಿದ್ದೆ ಇಲ್ಲ ಸಾ. ಬಕೀಟು ಎಲ್ಲಿಟ್ಟೆ, ನೀರು ಎಲ್ಲಿ ಚೆಲ್ದೆ ಅಂತ ಅದೇ ಗ್ಯಾನ. ನಿಮ್ಗೆ ನಿದ್ದೆ ಬತ್ತಿತ್ತಾ?"

ಬರುತ್ತಿರಲಿಲ್ಲ ಅನ್ನಬೇಕೆಂದು ಬಾಯಿ ತೆರೆದ. ಆದರೆ ಗೊರಕೆ ಹೊಡೆಯುತ್ತೀರಿ ಅಂತ ಪ್ರಮೀಳಾ ಹಿಂದಿನ ರಾತ್ರಿಯೂ ತಿವಿದಿದ್ದಳು.

"ಬರ್ತಿತ್ತು ಚಿಕ್ಕಮಾರಮ್ಮ" ಅಂದ.

ಅವಳು ತಲೆಯಾಡಿಸಿ, ಮತ್ತೆ ಸೊಪ್ಪು ಬಿಡಿಸತೊಡಗಿದಳು.